ಮನೆಗೆ ಎಂಥ ಪ್ರಿಂಟರು? ಶಾಯಿಯದೋ, ಪುಡಿಯದೋ?

ಗೃಹಸ್ಥನು ಮನೆಯಲ್ಲಿ ಇಟ್ಟುಕೊಳ್ಳತಕ್ಕ ಸಾಧನಗಳ ಗಣನೆಯು ಕಾಲಾನುಸಾರವಾಗಿ ಬೆಳೆಯುತ್ತ ಬಂದಿದೆ. ಹಿಂದೆ ಗಡಿಯಾರವೂ ಹೊಲಿಗೆಯ ಯಂತ್ರವೂ ಬಂದಂತೆ ಇಂದು ಗಣಕಯಂತ್ರವೂ, ಅದರ ಬೆನ್ನಿಗೆ ಪ್ರಿಂಟರೆಂಬ ಮುದ್ರಣಯಂತ್ರವೂ ನಮ್ಮ ಮನೆಗಳನ್ನು ಪ್ರವೇಶಿಸಿವೆ. 1843ರಲ್ಲಿ ಮಂಗಳೂರಿನ ಮೋಗ್ಲಿಂಗ್ ಪಾದ್ರಿಗಳು ಕನ್ನಡದ ಮೊದಲ ವೃತ್ತಪತ್ರವಾದ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದಾಗ ಮುದ್ರಣವೆಂಬುದು ಒಂದು ಸಂಸ್ಥೆಯೇ ಕೈಗೊಳ್ಳತಕ್ಕ ಕಾರ್ಯವಾಗಿದ್ದಿತು. ಮೇಣದ ಕಾಗದದ ಮೇಲೆ ಮುಳ್ಳಿನಿಂದ ಗೀರಿ, ಸೈಕ್ಲೋಸ್ಟೈಲಿನಿಂದ ಪ್ರಶ್ನಪತ್ರಿಕೆಗಳ ಪ್ರತಿ ತೆಗೆಯುತ್ತಿದ್ದ ಕಾಲವನ್ನು ನಮ್ಮ ತಲೆಮಾರಿನ ಮಾಸ್ತರರು ಕಂಡಿದ್ದಾರೆ. ಈಗಲಾದರೋ ಎಂಟನೆಯ ಇಯತ್ತೆಯ ಬಾಲಕಿಯೂ ಗುಂಡಿಯೊಂದನ್ನು ಒತ್ತಿ ತನ್ನ ಪಾಠವನ್ನು ಮುದ್ರಿಸಿಕೊಳ್ಳುವಳು.

ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ ತಾಲೂಕುಗಳಲ್ಲಿಯೂ, 2017ರ ಮುಂಗಡಪತ್ರದಲ್ಲಿ ಘೋಷಿತವಾಗಿ ಬಳಿಕ ಹೊಸ ತಾಲೂಕುಗಳಾದ ನಿಪ್ಪಾಣಿ, ಕಾಗವಾಡಗಳಲ್ಲಿಯೂ ಕಾಗದಪತ್ರವಿಲ್ಲದೆ ಯಾವ ವ್ಯವಹಾರವೂ ಸಾಗದು. ಹೊಲದ ಉತಾರ, ಕಬ್ಬಿನ ಬಿಲ್ಲು, ಸೊಸಾಯಿಟಿಯ ಸಾಲದ ಅರ್ಜಿ, ಮಕ್ಕಳ ಶಿಷ್ಯವೇತನದ ಪತ್ರ, ಎಲ್ಲವುಗಳ ಪ್ರತಿಯೂ ಬೇಕು. ಆದುದರಿಂದ ಪ್ರಿಂಟರನ್ನು ಕೊಳ್ಳುವವರು ಹೆಚ್ಚುತ್ತಿರುವುದು ಸಹಜವೇ. ಆದರೆ ಅಂಗಡಿಯಲ್ಲಿ ಬೆಲೆಯ ಚೀಟಿಯನ್ನು ಮಾತ್ರ ನೋಡಿ ಕೊಂಡು, ಆರು ತಿಂಗಳೊಳಗೆ ಅದರ ಮೇಲೆ ಬಟ್ಟೆ ಹೊದಿಸಿ ಮೂಲೆಯಲ್ಲಿಡುವವರೂ ಕಡಿಮೆಯಿಲ್ಲ.

ನಮ್ಮ ಶಾಸ್ತ್ರಗ್ರಂಥಗಳ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ವಿಚಾರಿಸುವ ಪದ್ಧತಿಯುಂಟು. ಪ್ರಿಂಟರಿನ ವಿಷಯದಲ್ಲಿಯೂ ಮೊದಲು ವಿಚಾರಿಸತಕ್ಕುದು ಪ್ರಯೋಜನ ಮತ್ತು ಅಧಿಕಾರಿ, ಎಂದರೆ ಏತಕ್ಕಾಗಿ ಮತ್ತು ಯಾರಿಗಾಗಿ ಎಂಬಿವೆರಡನ್ನೇ. ಅದಕ್ಕೆ ಮುನ್ನ ಈ ಎರಡು ಜಾತಿಯ ಯಂತ್ರಗಳ ಸ್ವರೂಪವನ್ನು ತಿಳಿಯೋಣ.

ಇಂಕ್‌ಜೆಟ್ ಎಂಬುದು ಶಾಯಿಯ ಯಂತ್ರ. ಕೂದಲೆಳೆಗಿಂತ ಸೂಕ್ಷ್ಮವಾದ ನೂರಾರು ರಂಧ್ರಗಳಿಂದ ಶಾಯಿಯ ಶೀಕರಗಳು ಕಾಗದದ ಮೇಲೆ ಸಿಡಿಯುತ್ತವೆ. ಕೆಲವು ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ ಗುಳ್ಳೆಯೆಬ್ಬಿಸಿ ಹನಿಯನ್ನು ಹೊರದೂಡುವರು. ಇನ್ನು ಕೆಲವುಗಳಲ್ಲಿ ವಿದ್ಯುತ್ತಿನಿಂದ ಮಿಡಿಯುವ ಸ್ಫಟಿಕವು ಹನಿಯನ್ನು ಒತ್ತಿ ಹೊರಡಿಸುವುದು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ, ಬೆಸುಗೆ ಹಾಕುವ ಕಾದ ಕಬ್ಬಿಣವು ಶಾಯಿ ತುಂಬಿದ ಪಿಚಕಾರಿಯ ಸೂಜಿಗೆ ತಗಲಲು ಶಾಯಿಯು ಚಿಮ್ಮಿತಂತೆ. ಮೊದಲನೆಯ ಉಪಾಯವು ಅಲ್ಲಿ ಹೊಳೆದದ್ದು ಹೀಗೆ.

ಲೇಸರ್ ಎಂಬುದು ಪುಡಿಯ ಯಂತ್ರ. ಇದರ ಮೂಲವು 1938ರಲ್ಲಿ ಅಮೇರಿಕದ ಚೆಸ್ಟರ್ ಕಾರ್ಲ್‌ಸನ್ ಸಾಧಿಸಿದ ಒಣಪ್ರತಿಯ ವಿದ್ಯೆ; ನಾವು ಝೆರಾಕ್ಸ್ ಎನ್ನುವುದು ಇದನ್ನೇ. ಅದಕ್ಕೆ ಲೇಸರ್ ಕಿರಣವನ್ನು ಕೂಡಿಸುವ ಯತ್ನವನ್ನು ಗ್ಯಾರಿ ಸ್ಟಾರ್ಕ್‌ವೆದರ್ 1969ರಲ್ಲಿ ಆರಂಭಿಸಿದನು. ವಿದ್ಯುದಾವೇಶ ಹೊಂದಿದ ಉರುಳೆಯ ಮೇಲೆ ಕಿರಣವು ಅಕ್ಷರವನ್ನು ಬರೆಯುವುದು; ಬರೆದ ಸ್ಥಳಕ್ಕೆ ಟೋನರೆಂಬ ನುಣ್ಣನೆಯ ಕರಿಪುಡಿ ಅಂಟುವುದು; ಅದು ಕಾಗದಕ್ಕಿಳಿದ ಬಳಿಕ ಸುಮಾರು 200 ಡಿಗ್ರಿಯ ಶಾಖದಿಂದ ಕರಗಿ ಕಚ್ಚಿಕೊಳ್ಳುವುದು. ಈ ಪುಡಿಯು ಬಹ್ವಂಶ ಪ್ಲಾಸ್ಟಿಕ್ಕು. ಇದೊಂದು ಸಂಗತಿಯಿಂದ ಮುಂದಿನ ಗುಣದೋಷಗಳೆಲ್ಲ ತಾವಾಗಿಯೇ ಹೊರಡುತ್ತವೆ.

ಮೊದಲನೆಯದು ಖರ್ಚಿನ ಲೆಕ್ಕ. ಯಂತ್ರದ ಬೆಲೆಯನ್ನು ಒಮ್ಮೆ ಕೊಡುವೆವು. ಶಾಯಿಯ ಬೆಲೆಯನ್ನಾದರೋ ಯಾವಾಗಲೂ ಕೊಡುತ್ತಿರಬೇಕು. ಲೆಕ್ಕವು ತಿಳಿಯಲೆಂದು ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. 900 ರೂಪಾಯಿಯ ಸಣ್ಣ ಶಾಯಿಪೆಟ್ಟಿಗೆಯು 180 ಪುಟ ಬರೆದರೆ ಪುಟಕ್ಕೆ 5 ರೂಪಾಯಿ ಬಿದ್ದಿತು. 3,000 ರೂಪಾಯಿಯ ಟೋನರು 1,500 ಪುಟ ಬರೆದರೆ ಪುಟಕ್ಕೆ 2 ರೂಪಾಯಿ. 500 ರೂಪಾಯಿಯ ಶಾಯಿಯ ಬಾಟಲಿಯನ್ನು ತೊಟ್ಟಿಯಿರುವ ಯಂತ್ರಕ್ಕೆ ಹೊಯ್ದು 5,000 ಪುಟ ತೆಗೆದರೆ ಪುಟಕ್ಕೆ ಕೇವಲ 10 ಪೈಸೆ. ತಿಂಗಳಿಗೆ 30 ಪುಟ ಮುದ್ರಿಸುವ ಮನೆಯಲ್ಲಿ ವರ್ಷಕ್ಕೆ 360 ಪುಟಗಳಾದವು; ಕ್ರಮವಾಗಿ 1,800, 720, 36 ರೂಪಾಯಿಗಳ ಖರ್ಚು ಬಂದಿತು. ಅಗ್ಗದ ಯಂತ್ರವು ದುಬಾರಿಯಾಗುವ ಬಗೆ ಇದು. ಅಂಗಡಿಯವನನ್ನು "ಯಂತ್ರಕ್ಕೆಷ್ಟು?" ಎಂದು ಕೇಳುವುದರೊಡನೆ "ಪೆಟ್ಟಿಗೆಗೆಷ್ಟು, ಅದು ಎಷ್ಟು ಪುಟ ಬರೆದೀತು?" ಎಂದೂ ಕೇಳಿ, ಒಂದನ್ನು ಮತ್ತೊಂದರಿಂದ ಭಾಗಿಸಿ ನೋಡತಕ್ಕದ್ದು. ಪೆಟ್ಟಿಗೆಯ ಮೇಲೆ ಬರೆದ ಪುಟಸಂಖ್ಯೆಯು ವಿರಳವಾದ ಬರಹದ ಪುಟಗಳದು. ಚಿತ್ರಗಳನ್ನೋ ದಟ್ಟವಾದ ಕೋಷ್ಟಕಗಳನ್ನೋ ಮುದ್ರಿಸಿದರೆ ಅದು ಕುಗ್ಗುವುದು.

ಹಾಗಾದರೆ ತೊಟ್ಟಿಯ ಶಾಯಿಯಂತ್ರವೇ ಸರ್ವೋತ್ತಮವೆನ್ನಬಹುದೋ? ಅವಸರವು ಬೇಡ. ಶಾಯಿಯು ದ್ರವವಷ್ಟೆ. ತಿಂಗಳುಗಟ್ಟಲೆ ಉಪಯೋಗಿಸದಿದ್ದರೆ ಅದು ರಂಧ್ರಗಳಲ್ಲಿಯೇ ಒಣಗಿ ಕಟ್ಟಿಕೊಳ್ಳುವುದು; ಅಥಣಿಯ ಕಡೆಯ ಒಣ ಬೇಸಿಗೆಯಲ್ಲಿ ಈ ಭಯ ಹೆಚ್ಚು. ರಂಧ್ರಶುದ್ಧಿಗಾಗಿ ಯಂತ್ರವು ಮತ್ತಷ್ಟು ಶಾಯಿಯನ್ನು ಚೆಲ್ಲುವುದು. ಆದುದರಿಂದ ಶಾಯಿಯಂತ್ರವುಳ್ಳವರು ವಾರಕ್ಕೊಂದು ಬಣ್ಣದ ಪುಟವನ್ನಾದರೂ ತೆಗೆಯುತ್ತಿರಬೇಕು. ಪುಡಿಗೆ ಒಣಗುವ ಭಯವಿಲ್ಲ. ಮೂರು ತಿಂಗಳು ಸುಮ್ಮನಿದ್ದ ಲೇಸರ್ ಯಂತ್ರವು ನಾಲ್ಕನೆಯ ತಿಂಗಳಲ್ಲಿ ಎಂದಿನಂತೆಯೇ ಬರೆಯುವುದು.

ಎರಡನೆಯದು ನೀರಿನ ವಿಚಾರ. ಕೃಷ್ಣೆಯ ದಂಡೆಯವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ನಮ್ಮ ನದೀತೀರದ ಎಷ್ಟೋ ಊರುಗಳ ಮನೆಗಳೊಳಗೆ ನೀರು ಹೊಕ್ಕಿತು. 2021ರಲ್ಲಿಯೂ ಪ್ರವಾಹವು ಮರಳಿತು. ಸಾಧಾರಣ ಬಣ್ಣದ ಶಾಯಿಯು ನೀರು ಸೋಕಿದೊಡನೆ ಹರಡಿ ಅಕ್ಷರಗಳನ್ನು ಅಳಿಸುವುದು. ಕಾಗದಕ್ಕೆ ಕರಗಿ ಕಚ್ಚಿದ ಪುಡಿಯಾದರೋ ಕಾಗದವು ತೊಯ್ದು ಒಣಗಿದರೂ ಓದಲಿಕ್ಕೆ ಬರುವುದು. ಶಾಯಿಗಳಲ್ಲಿ ಪಿಗ್ಮೆಂಟ್ ಎಂಬ ಜಾತಿಯದು ನೀರನ್ನು ಬಹಳಮಟ್ಟಿಗೆ ತಡೆಯುತ್ತದೆ. ಕೊಳ್ಳುವಾಗ ಕಪ್ಪು ಶಾಯಿಯು ಆ ಜಾತಿಯದೇ ಎಂದು ವಿಚಾರಿಸುವುದು ಲೇಸು. ಲೇಸರ್ ಪ್ರತಿಗಳಿಗೂ ಒಂದು ಶತ್ರುವುಂಟು: ಮೆತ್ತನೆಯ ಪ್ಲಾಸ್ಟಿಕ್ ಚೀಲದಲ್ಲಿ ಬಹುಕಾಲ ಒತ್ತಿಟ್ಟರೆ ಅಕ್ಷರಗಳು ಚೀಲಕ್ಕೆ ಅಂಟಿ ಕಿತ್ತುಬರುವುದುಂಟು.

ಮೂರನೆಯದು ಅಕ್ಷರಶುದ್ಧಿ. ಕನ್ನಡದಲ್ಲಿ ದಕಾರ ಧಕಾರಗಳ, ಬಕಾರ ಭಕಾರಗಳ ಭೇದವು ಕೆಳಗಿನ ಒಂದು ಸಣ್ಣ ಗೀಟಿನಲ್ಲಿದೆ. ಒತ್ತಕ್ಷರಗಳಂತೂ ಇನ್ನೂ ಚಿಕ್ಕವು. ತೆಳುವಾದ ಅಗ್ಗದ ಕಾಗದದ ಮೇಲೆ ಶಾಯಿಯು ಹೀರಿಕೊಂಡು ಹರಡಿದರೆ ಈ ಭೇದವು ಮಾಯವಾಗುವುದು. ಹೆಸರಿನ ಒಂದಕ್ಷರ ತಪ್ಪಿದರೆ ಕಚೇರಿಗೆ ಹತ್ತು ಸಲ ಅಲೆಯಬೇಕಾದ ನಮ್ಮ ರೈತರಿಗೆ ಇದು ಸಣ್ಣ ಮಾತಲ್ಲ. ಸಣ್ಣ ಅಕ್ಷರಗಳ ಸ್ಫುಟತೆಯಲ್ಲಿ ಪುಡಿಯ ಯಂತ್ರವೇ ಮೇಲು. ಬಣ್ಣದ ಭಾವಚಿತ್ರಗಳಲ್ಲಿ, ಮಕ್ಕಳ ನಕಾಶೆಗಳಲ್ಲಿ ಶಾಯಿಯ ಯಂತ್ರವೇ ಮೇಲು. ಶಾಯಿಯಂತ್ರಕ್ಕೆಂದೇ ಮಾಡಿದ ಹೊಳಪಿನ ಕಾಗದವನ್ನು ಲೇಸರ್ ಯಂತ್ರಕ್ಕೆ ಎಂದೂ ಹಾಕಕೂಡದು. ಶಾಖಕ್ಕೆ ಅದರ ಲೇಪವು ಕರಗಿ ಯಂತ್ರವನ್ನೇ ಕೆಡಿಸೀತು.

ನಾಲ್ಕನೆಯದು ವಿದ್ಯುತ್ತು. ಶಾಯಿಯಂತ್ರಕ್ಕೆ ಕೆಲಸದ ವೇಳೆಯಲ್ಲಿ ಹತ್ತಿಪ್ಪತ್ತು ವ್ಯಾಟು ಸಾಕು. ಲೇಸರ್ ಯಂತ್ರವು ಕಾಯುವಾಗ ಹಲವು ನೂರು ವ್ಯಾಟುಗಳನ್ನು ಒಮ್ಮೆಲೆ ಎಳೆಯುವುದು. ಗಣಕಯಂತ್ರದ ಸಣ್ಣ ಯುಪಿಎಸ್ಸಿಗೆ ಅದನ್ನು ಜೋಡಿಸಬಾರದು. ಕರೆಂಟು ಪದೇ ಪದೇ ಹೋಗುವ ಹಳ್ಳಿಯಲ್ಲಿ ಇದನ್ನು ಮರೆಯಕೂಡದು. ನಿಪ್ಪಾಣಿಯ ಕಡೆಯ ಮಳೆಗಾಲದಲ್ಲಿ ಕಾಗದವು ಥಂಡಿ ಹಿಡಿದು ಯಂತ್ರದಲ್ಲಿ ಸಿಕ್ಕಿಕೊಳ್ಳುವುದರಿಂದ ಅದನ್ನು ಕಟ್ಟು ಬಿಚ್ಚದೆ ಬೆಚ್ಚಗಿಡಬೇಕು. ಟೋನರು ನೆಲಕ್ಕೆ ಚೆಲ್ಲಿದರೆ ಊದದೆ, ಬಿಸಿನೀರು ಮುಟ್ಟಿಸದೆ, ತಣ್ಣೀರಿನ ಬಟ್ಟೆಯಿಂದ ಒರೆಸಬೇಕು. ಬಿಸಿಗೆ ಅದು ಅಂಟುವುದು.

ಇನ್ನು ಅಧಿಕಾರಿಭೇದದಿಂದ ನಿರ್ಣಯ. ಶಾಲೆಗೆ ಹೋಗುವ ಮಕ್ಕಳಿದ್ದು ವಾರವಾರವೂ ಬಣ್ಣದ ಕೆಲಸವಿರುವ ಮನೆಗೆ ತೊಟ್ಟಿಯ ಶಾಯಿಯಂತ್ರವು ಯೋಗ್ಯ. ಅಪರೂಪಕ್ಕೊಮ್ಮೆ ಮುದ್ರಿಸುವ, ಆದರೆ ಮುದ್ರಿಸಿದ್ದು ಬಹುಕಾಲ ಬಾಳಬೇಕಾದ ರೈತನಿಗೂ ವಕೀಲನಿಗೂ ಸೊಸಾಯಿಟಿಯ ಕಚೇರಿಗೂ ಕಪ್ಪುಬಿಳುಪಿನ ಲೇಸರ್ ಯೋಗ್ಯ. ತಹಶೀಲ ಕಚೇರಿಯ ಎದುರಿಗೆ ಅಂಗಡಿ ತೆರೆಯುವ ತರುಣನು ಟೋನರನ್ನು ಮರಳಿ ತುಂಬಿಸಬಹುದಾದ ಗಟ್ಟಿ ಲೇಸರನ್ನು ಮೊದಲು ಕೊಂಡು, ಗಿರಾಕಿ ಬೆಳೆದ ಮೇಲೆ ಬಣ್ಣದ ಯಂತ್ರವನ್ನು ಕೂಡಿಸಿಕೊಳ್ಳಲಿ. ತಿಂಗಳಿಗೆ ನಾಲ್ಕೈದು ಪುಟಗಳಿಗಿಂತ ಹೆಚ್ಚು ಬೇಡದವರಿಗೆ ಊರ ಝೆರಾಕ್ಸ್ ಅಂಗಡಿಯೇ ಲಾಭಕರ. ಅವರು ಯಂತ್ರವನ್ನು ಕೊಳ್ಳದಿರುವುದೇ ವಿವೇಕ.

ಯಾವುದನ್ನು ಕೊಂಡರೂ, ಅದರ ಶಾಯಿಯೋ ಪುಡಿಯೋ ತಮ್ಮ ತಾಲೂಕಿನ ಪೇಟೆಯಲ್ಲಿ ಸಿಗುವುದೇ, ಕೆಟ್ಟರೆ ತಿದ್ದುವವರು ಸಮೀಪದಲ್ಲಿರುವರೇ ಎಂಬುದನ್ನು ಹಣ ಎಣಿಸುವ ಮೊದಲೇ ವಿಚಾರಿಸಿಕೊಳ್ಳಬೇಕೆಂದು ಗೃಹಸ್ಥರಲ್ಲಿ ವಿಜ್ಞಾಪನೆ.