ಸಂಘ ಕಟ್ಟಾಕ ಯಾರ ಅಪ್ಪಣಿ ಬೇಕು?

ಗಂಗಾವತಿ ಅಕ್ಕಿ ಗಿರಣಿಯ ಹಮಾಲರು, ಗಿಣಿಗೇರಿ ಕಾರ್ಖಾನೆಯ ಗುತ್ತಿಗೆ ಕಾರ್ಮಿಕರು ಸಂಘ ಕಟ್ಟಬಹುದಾ? ಧಾರಾಳವಾಗಿ. ಸಂವಿಧಾನದ 19ನೇ ವಿಧಿಯೇ ಆ ಹಕ್ಕು ಕೊಟ್ಟಿದೆ. ಮಾಲೀಕರ ಒಪ್ಪಿಗೆ ಬೇಕಿಲ್ಲ.

ಇದು ಪುಕ್ಕಟೆ ಬಂದದ್ದಲ್ಲ. 1918ರಲ್ಲಿ ಮದ್ರಾಸಿನ ಬಿನ್ನಿ ಗಿರಣಿ ಕಾರ್ಮಿಕರು ಸಂಘ ಕಟ್ಟಿದರು. ಕಂಪನಿ ಸಂಘದ ಮುಂದಾಳು ಬಿ.ಪಿ. ವಾಡಿಯಾ ಅವರನ್ನೇ ಕೋರ್ಟಿಗೆಳೆಯಿತು. ಹೈಕೋರ್ಟ್ ತಡೆಯಾಜ್ಞೆಯನ್ನೂ ಕೊಟ್ಟಿತು! ಆ ಪೆಟ್ಟಿನ ನಂತರವೇ 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂದದ್ದು.

ಸಂಘದ ನೋಂದಣಿಗೆ ಆ ಸಂಸ್ಥೆ ಅಥವಾ ಉದ್ಯಮದ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಸದಸ್ಯರು ಬೇಕು. 7ಕ್ಕಿಂತ ಕಡಿಮೆ ಆಗಬಾರದು.

ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು ಶಿಕ್ಷಾರ್ಹ. ಆದರೆ ಗುತ್ತಿಗೆದಾರ ಕಾರಣ ಹೇಳ್ತಾನಾ? “ನಾಳಿಂದ ಬರಬ್ಯಾಡ” ಅಂತಾನೆ, ಅಷ್ಟೇ. ಹಾಗಾಗಿ ಗೇಟ್ ಪಾಸ್, ಸಂಬಳದ ಚೀಟಿ, ಪಿಎಫ್ ನಂಬರು ಜೋಪಾನ. ದೂರು ಕೊಡಬೇಕಾದ್ದು ಕಾರ್ಮಿಕ ಇಲಾಖೆಗೆ, ಲಿಖಿತವಾಗಿ.