ಹಾಂಕಾಂಗಿನಿಂದ ಹೊರಟ ಆಟದ ಚಾನೆಲ್‌ಗೆ ಕನ್ನಡ ಬಂದದ್ದು

2013ರ ನವೆಂಬರ್ 6. ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ 199ನೇ ಟೆಸ್ಟ್‌ಗೆ ಇಳಿದ ದಿನ. ಅದಾದ ಮೇಲೆ ಮುಂಬೈಯಲ್ಲಿ ಇನ್ನೊಂದು ಪಂದ್ಯ, ಅಲ್ಲಿಗೆ ಇಪ್ಪತ್ನಾಲ್ಕು ವರ್ಷಗಳ ಆಟ ಮುಗಿಯಿತು. ದೇಶದ ಕಣ್ಣೆಲ್ಲ ಆ ಕಡೆಗೇ ಇದ್ದ ದಿನ ಟಿವಿಯ ಚಾನೆಲ್ ಪಟ್ಟಿಯಿಂದ ಒಂದು ಹೆಸರು ಕಾಣೆಯಾಯಿತು. ಹೆಚ್ಚುಕಡಿಮೆ ಎರಡು ದಶಕ ನಮ್ಮ ಮನೆಗಳಲ್ಲಿ ಬೆಳಗಿದ್ದ ಇಎಸ್‌ಪಿಎನ್‌ನ ಕೆಂಪು ಅಕ್ಷರಗಳು ಹೋದವು. ಸ್ಟಾರ್ ಕ್ರಿಕೆಟ್ ಎಂಬ ಹೆಸರೂ ಹೋಯಿತು. ಅವುಗಳ ಜಾಗಕ್ಕೆ ಸ್ಟಾರ್ ಸ್ಪೋರ್ಟ್ಸ್ 1, 2, 3, 4, ಜೊತೆಗೆ ಎರಡು ಎಚ್‌ಡಿ ವಾಹಿನಿಗಳು ಬಂದವು. ‘ಬಿಲೀವ್’ ಎಂಬ ಹೊಸ ಘೋಷವಾಕ್ಯವೂ ಬಂತು.

ಕಂಪನಿಯೊಂದು ಫಲಕ ಬದಲಿಸುವುದು ವಾಣಿಜ್ಯ ಪುಟದ ಸುದ್ದಿ. ಆದರೆ ಈ ಚಾನೆಲ್‌ನ ಕತೆಯನ್ನು ನೋಡುಗರ ಕಡೆಯಿಂದ ಹೇಳಬೇಕು ಅಂತ ನನಗೆ ಬಹಳ ದಿನಗಳಿಂದ ಅನ್ನಿಸಿದೆ. ದುಡ್ಡು ಯಾರ ಜೇಬಿನಿಂದ ಹೋಯಿತು, ಆಟದ ಜೊತೆಗೆ ಯಾವ ಮಾತು ಮನೆಯೊಳಗೆ ಬಂತು ಎಂಬುದರಲ್ಲೇ ಅದರ ನಿಜವಾದ ತಿರುವುಗಳಿವೆ.

ಮೊದಲು ಆಕಾಶದ ಕಡೆ ನೋಡೋಣ. 1984ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಿಂದ ಹಾರಿಬಿಟ್ಟ ವೆಸ್ಟಾರ್-6 ಎಂಬ ಉಪಗ್ರಹ ದಾರಿ ತಪ್ಪಿತ್ತು. ಅದೇ ವರ್ಷ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ತಂದರು. ದುರಸ್ತಿಯಾದ ಆ ಉಪಗ್ರಹವೇ 1990ರ ಏಪ್ರಿಲ್‌ನಲ್ಲಿ ಚೀನಾದ ಲಾಂಗ್ ಮಾರ್ಚ್ ರಾಕೆಟ್ ಏರಿ ಏಷ್ಯಾಸ್ಯಾಟ್-1 ಎಂಬ ಹೆಸರಿನಲ್ಲಿ ಮತ್ತೆ ಕಕ್ಷೆ ಸೇರಿತು. ಅದರ ತರಂಗಗಳು ಅರಬ್ ದೇಶಗಳಿಂದ ಚೀನಾದವರೆಗೆ ಬೀಳುತ್ತಿದ್ದವು, ನಡುವೆ ಭಾರತ. ಹಾಂಕಾಂಗಿನ ಉದ್ಯಮಿ ಲಿ ಕಾ-ಶಿಂಗ್ ಕುಟುಂಬ 1991ರಲ್ಲಿ ಈ ಉಪಗ್ರಹ ಬಳಸಿ ಸ್ಟಾರ್ ಟಿವಿ ಶುರು ಮಾಡಿತು. ಮೊದಲು ಕಣ್ಣುಬಿಟ್ಟ ವಾಹಿನಿಗಳಲ್ಲಿ ಒಂದು ಪ್ರೈಮ್ ಸ್ಪೋರ್ಟ್ಸ್. ಮುಂದೆ ಅದೇ ಸ್ಟಾರ್ ಸ್ಪೋರ್ಟ್ಸ್ ಆಯಿತು. 1993ರಲ್ಲಿ ರೂಪರ್ಟ್ ಮರ್ಡೋಕ್ ಸ್ಟಾರ್‌ನ ಶೇ 63.6ರಷ್ಟು ಪಾಲನ್ನು 52.5 ಕೋಟಿ ಡಾಲರ್‌ಗೆ ಕೊಂಡರು.

ಅಲ್ಲಿಯವರೆಗೆ ಭಾರತದಲ್ಲಿ ಆಟ ತೋರಿಸುವ ಹಕ್ಕು ಸರ್ಕಾರದ್ದು, ಅಂದರೆ ದೂರದರ್ಶನದ್ದು. ಅದು ಅಲುಗಾಡಿದ್ದು ಕನ್ನಡಿಗರು ಮರೆಯದ ಒಂದು ಟೂರ್ನಿಯಲ್ಲಿ. 1993ರ ಹೀರೊ ಕಪ್. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಎಂಬ ವಿದೇಶಿ ಸಂಸ್ಥೆಗೆ ಕೊಟ್ಟಿತು. ದೂರದರ್ಶನ ಮುನಿಯಿತು. ಕ್ಯಾಮೆರಾ, ಯಂತ್ರಗಳು ಮುಂಬೈಯ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡವು. ನ್ಯಾಯಾಲಯದ ಮಧ್ಯಂತರ ಆದೇಶಗಳ ಬಲದಿಂದ ಪ್ರಸಾರ ನಡೆಯಿತು. ನವೆಂಬರ್ 27ರ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 12 ರನ್‌ಗೆ 6 ವಿಕೆಟ್ ಕಿತ್ತು ವೆಸ್ಟ್ ಇಂಡೀಸನ್ನು ಮುಗಿಸಿದರು. ನಮಗೆ ನೆನಪಿರುವುದು ಆ ಸ್ಪೆಲ್. ಆದರೆ ಅದೇ ಟೂರ್ನಿಯಿಂದ ಹುಟ್ಟಿದ ವ್ಯಾಜ್ಯದಲ್ಲಿ 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಡೀ ದೇಶದ ಟಿವಿಯನ್ನು ಬದಲಿಸಿತು: ವಾಯುತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ.

ಜನರ ಸ್ವತ್ತು ಎಂದು ನ್ಯಾಯಾಲಯ ಹೇಳಿದ್ದು ಮಾರುಕಟ್ಟೆಗೆ ಬೇರೆ ರೀತಿಯಲ್ಲಿ ಕೇಳಿಸಿತು. ಅಮೆರಿಕದ ಇಎಸ್‌ಪಿಎನ್ ಇಲ್ಲಿಗೆ ಬಂದಿತ್ತು, ಸ್ಟಾರ್ ಸ್ಪೋರ್ಟ್ಸ್ ಎದುರಿಗಿತ್ತು. ಒಂದೇ ಪಂದ್ಯಕ್ಕೆ ಇಬ್ಬರೂ ಬೆಲೆ ಏರಿಸುತ್ತಾ ಹೋದರೆ ಇಬ್ಬರಿಗೂ ನಷ್ಟ ಎಂದು ಅರಿತು 1996ರಲ್ಲಿ ಕೈಜೋಡಿಸಿದರು. ಸಮಪಾಲಿನ ಆ ಜಂಟಿ ಸಂಸ್ಥೆಯೇ ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್. ಕೇಂದ್ರ ಕಚೇರಿ ಸಿಂಗಪುರದಲ್ಲಿ.

ಆ ಕಾಲದ ಚಾನೆಲ್ ನೋಡಿ ಬೆಳೆದವರಿಗೆ ಅದು ಕೊಟ್ಟದ್ದು ಸಣ್ಣದಲ್ಲ. ಹರ್ಷ ಭೋಗ್ಲೆ, ಸುನಿಲ್ ಗಾವಸ್ಕರ್, ರವಿ ಶಾಸ್ತ್ರಿ ಮನೆಯವರೇ ಆದರು. ವಿಂಬಲ್ಡನ್, ಫಾರ್ಮುಲಾ ಒನ್, ಇಂಗ್ಲಿಷ್ ಪ್ರೀಮಿಯರ್ ಲೀಗ್ ಬಂದವು. ಮ್ಯಾಂಚೆಸ್ಟರನ್ನು ಎಂದೂ ಕಾಣದ ಬೆಂಗಳೂರಿನ ಹುಡುಗರು ಯುನೈಟೆಡ್‌ನ ಅಭಿಮಾನಿಗಳಾದರು. 2003ರ ಡಿಸೆಂಬರ್‌ನಲ್ಲಿ ಅಡಿಲೇಡ್‌ನಿಂದ ಬಂದ ಚಿತ್ರಗಳನ್ನು ನೋಡಲು ನಸುಕಿಗೇ ಎದ್ದವರು ಎಷ್ಟೋ. ರಾಹುಲ್ ದ್ರಾವಿಡ್ ಅಲ್ಲಿ 233, ಎರಡನೇ ಇನಿಂಗ್ಸ್‌ನಲ್ಲಿ ಔಟಾಗದೆ 72. 2011ರ ಇಂಗ್ಲೆಂಡ್ ಪ್ರವಾಸದಲ್ಲಿ ತಂಡವೆಲ್ಲ ಕುಸಿದಾಗ ಅವರು ಮೂರು ಶತಕಗಳೊಂದಿಗೆ 461 ರನ್ ಗಳಿಸಿದರು. ಆ ಸೊಗಸಿನ ವಿವರಣೆಯನ್ನು ನಾವು ಕೇಳಿದ್ದು ಬೇರೆ ಭಾಷೆಗಳಲ್ಲಿ. ಜಗಲಿಯಲ್ಲಿ ಕೂತ ಅಜ್ಜಂದಿರು ಧ್ವನಿ ತಗ್ಗಿಸಿ ಚಿತ್ರ ಮಾತ್ರ ನೋಡುತ್ತಿದ್ದರು. ಅವರೂ ಕೇಬಲ್‌ಗೆ ಅಷ್ಟೇ ದುಡ್ಡು ಕೊಡುತ್ತಿದ್ದರು.

ದುಡ್ಡಿನ ವಿಷಯಕ್ಕೆ ಬಂದರೆ, ಪಾವತಿ ವಾಹಿನಿಯ ಆದಾಯಕ್ಕೆ ಎರಡು ಬಾಯಿ: ಜಾಹೀರಾತು ಮತ್ತು ಚಂದಾ. ಜಾಹೀರಾತು ಭಾರತ ಗೆದ್ದರೆ ಏರುತ್ತದೆ, ಸೋತರೆ ಇಳಿಯುತ್ತದೆ. ಚಂದಾ ಸ್ಥಿರವಾಗಿ ಬರಬೇಕು. ಆದರೆ ಸೆಟ್‌ಟಾಪ್ ಬಾಕ್ಸ್ ಇಲ್ಲದ ಕಾಲದಲ್ಲಿ ಒಂದು ಊರಿನಲ್ಲಿ ಎಷ್ಟು ಮನೆಗಳಿಗೆ ಕೇಬಲ್ ಇದೆ ಎಂಬುದು ಕೇಬಲ್‌ನವರು ಹೇಳಿದಷ್ಟೇ. ಸಾವಿರ ಮನೆಗೆ ತಂತಿ ಎಳೆದವರು ಇನ್ನೂರು ಎಂದು ಬರೆಸಿದರೆ ಪರೀಕ್ಷಿಸುವ ದಾರಿ ಇರಲಿಲ್ಲ. ಕ್ರಿಕೆಟ್ ಹಕ್ಕಿನ ಬೆಲೆಯೋ ಏರುತ್ತಲೇ ಇತ್ತು. 2007ರಿಂದ 2015ರವರೆಗಿನ ಐಸಿಸಿ ಟೂರ್ನಿಗಳಿಗೆ ಇಎಸ್‌ಪಿಎನ್ ಸ್ಟಾರ್ 110 ಕೋಟಿ ಡಾಲರ್ ಕೊಟ್ಟಿತು. 2007ರಲ್ಲಿ ಕ್ರಿಕೆಟ್‌ಗೆಂದೇ ಸ್ಟಾರ್ ಕ್ರಿಕೆಟ್ ಬಂತು.

ಅದೇ ವರ್ಷ ದುಡ್ಡು ಕೊಡಲಾಗದವರ ಪ್ರಶ್ನೆಯೂ ಎದ್ದಿತು. ಜನವರಿಯಲ್ಲಿ ಭಾರತ–ವೆಸ್ಟ್ ಇಂಡೀಸ್ ಏಕದಿನ ಸರಣಿ ನಿಂಬಸ್ ಸಂಸ್ಥೆಯ ನಿಯೊ ಸ್ಪೋರ್ಟ್ಸ್‌ನಲ್ಲಿ ಮಾತ್ರ ಬರುವುದಿತ್ತು. ದೆಹಲಿ ಹೈಕೋರ್ಟಿನ ಮಧ್ಯಪ್ರವೇಶದಿಂದ ದೂರದರ್ಶನಕ್ಕೆ ಏಳು ನಿಮಿಷ ತಡವಾಗಿ ತೋರಿಸುವ ಅವಕಾಶ ಸಿಕ್ಕಿತು. ಏಳು ನಿಮಿಷ ತಡವಾದ ಕ್ರಿಕೆಟ್ ಯಾರಿಗೆ ಬೇಕು? ಸರ್ಕಾರ ಸುಗ್ರೀವಾಜ್ಞೆ ತಂದಿತು, ಅದು ಕಾಯ್ದೆಯಾಯಿತು: ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಲೇಬೇಕು. ಅದು ಒಳ್ಳೆಯ ಕಾಯ್ದೆ ಎಂದೇ ನಾನು ನಂಬುತ್ತೇನೆ. ಆದರೆ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೊಂದು ಗೆರೆ ಎಳೆಯಿತು. ಹಂಚಿದ ಸಿಗ್ನಲ್ ದೂರದರ್ಶನದ ನೆಲಪ್ರಸಾರ ಮತ್ತು ಅದರದೇ ಡಿಟಿಎಚ್‌ಗೆ ಮಾತ್ರ, ಖಾಸಗಿ ಕೇಬಲ್ ಜಾಲಕ್ಕೆ ಹೋಗುವಂತಿಲ್ಲ. ಕೇಬಲ್ ಇರುವ ಮನೆಯವರು ಪಂದ್ಯ ಬೇಕಾದರೆ ಪಾವತಿ ವಾಹಿನಿಯನ್ನೇ ಕೊಳ್ಳಬೇಕಾಯಿತು.

ಈಗ ಮತ್ತೆ ಹೆಸರು ಬದಲಾವಣೆಗೆ ಬರುತ್ತೇನೆ. 2011ರ ಡಿಸೆಂಬರ್‌ನಲ್ಲಿ ಕ್ರಿಕೆಟ್ ಮಂಡಳಿ ನಿಂಬಸ್ ಜೊತೆಗಿನ ಒಪ್ಪಂದ ರದ್ದುಮಾಡಿತು. 2012ರ ಏಪ್ರಿಲ್‌ನಲ್ಲಿ ಸ್ಟಾರ್ ಇಂಡಿಯಾ ಒಂಟಿಯಾಗಿ, ಜಂಟಿ ಸಂಸ್ಥೆಯನ್ನು ಪಕ್ಕಕ್ಕಿಟ್ಟು, ಭಾರತದ ತವರಿನ ಪಂದ್ಯಗಳ ಹಕ್ಕನ್ನು ₹3,851 ಕೋಟಿಗೆ ಗೆದ್ದಿತು. ಪಂದ್ಯವೊಂದಕ್ಕೆ ಸುಮಾರು ₹40 ಕೋಟಿ. ಅದೇ ವರ್ಷದ ಜೂನ್‌ನಲ್ಲಿ ಜಂಟಿ ಸಂಸ್ಥೆಯಲ್ಲಿದ್ದ ಇಎಸ್‌ಪಿಎನ್‌ನ ಅರ್ಧ ಪಾಲನ್ನು ಮರ್ಡೋಕ್ ಕಂಪನಿ ಕೊಳ್ಳುವುದೆಂದು ಘೋಷಣೆಯಾಯಿತು, ನವೆಂಬರ್‌ಗೆ ವ್ಯವಹಾರ ಮುಗಿಯಿತು. ಕೇಬಲ್ ಡಿಜಿಟಲೀಕರಣವೂ ಅದೇ ಹೊತ್ತಿಗೆ ಬಂತು. 2013ರ ಮಾರ್ಚ್ ಗಡುವಿಗೆ ಬೆಂಗಳೂರು, ಮೈಸೂರು ಸೇರಿದವು. ಮನೆಮನೆಗೆ ಬಾಕ್ಸ್ ಬಂದ ಮೇಲೆ ಚಂದಾದಾರರ ಲೆಕ್ಕ ಕೈಗೆ ಸಿಗತೊಡಗಿತು. ಒಂದೇ ಪಂದ್ಯವನ್ನು ನಾಲ್ಕಾರು ಭಾಷೆಗಳಲ್ಲಿ, ನಾಲ್ಕಾರು ವಾಹಿನಿಗಳಲ್ಲಿ ಕಳಿಸಲು ಜಾಗವೂ ಆಯಿತು. ಆಗ ಸ್ಟಾರ್‌ನ ಚುಕ್ಕಾಣಿ ಹಿಡಿದಿದ್ದ ಉದಯ್ ಶಂಕರ್ ಸುದ್ದಿಮನೆಯಿಂದ ಬಂದವರು. ಸಿಂಗಪುರದಲ್ಲಿ ಕುಳಿತು ಇಡೀ ಏಷ್ಯಾಕ್ಕೆ ಒಂದೇ ಆಟ ಬಡಿಸುವ ಪದ್ಧತಿ ಅಲ್ಲಿಗೆ ನಿಂತಿತು.

ಮೊದಲ ಫಲ ಕಬಡ್ಡಿ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಆನಂದ್ ಮಹೀಂದ್ರಾ, ಚಾರು ಶರ್ಮಾ ಕಟ್ಟಿದ ಕೂಟ, ಸ್ಟಾರ್‌ನ ಪ್ರಸಾರ. ಮುಂದೆ ಲೀಗ್‌ನ ಮಾಲೀಕತ್ವದಲ್ಲೇ ಸ್ಟಾರ್ ಪಾಲು ಕೊಂಡಿತು. ಊರ ಜಾತ್ರೆಯ ಮಣ್ಣಿನಲ್ಲಿ, ಶಾಲೆಯ ಮೈದಾನದ ಸುಣ್ಣದ ಗೆರೆಯೊಳಗೆ ನಡೆಯುತ್ತಿದ್ದ ಆಟ ಮ್ಯಾಟ್ ಮೇಲೆ, ಬಣ್ಣದ ಬೆಳಕಿನಲ್ಲಿ ಬಂತು. ಈ ನೆಟ್‌ವರ್ಕ್ ಮಾಡಿದ ಅತ್ಯುತ್ತಮ ಕೆಲಸ ಇದೇ ಎಂದು ನನ್ನ ಎಣಿಕೆ. ಕ್ರಿಕೆಟ್ ಹಕ್ಕನ್ನು ದುಡ್ಡಿರುವ ಯಾರಾದರೂ ಕೊಳ್ಳಬಹುದು. ಯಾರೂ ತೋರಿಸದ ಆಟಕ್ಕೆ ನೋಡುಗರನ್ನು ಕರೆತರುವುದಕ್ಕೆ ನಂಬಿಕೆ ಬೇಕು. 2019ರ ಜನವರಿ 5ರ ಫೈನಲ್‌ನಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತ್ ತಂಡವನ್ನು ಮಣಿಸಿತು. ಅದರಲ್ಲಿ 22 ಅಂಕ ಪವನ್ ಸೆಹ್ರಾವತ್ ಒಬ್ಬರದೇ. ಕಬಡ್ಡಿಯ ಕನ್ನಡ ವಿವರಣೆ ಸುವರ್ಣ ಪ್ಲಸ್‌ನಲ್ಲಿ ಐಪಿಎಲ್‌ಗಿಂತ ಮೊದಲೇ ಕೇಳಿಬಂದಿತ್ತು. ಅದು ಸಲೀಸಾಗಿ ಬಂತು, ಏಕೆಂದರೆ ಆ ಆಟದ ಮಾತು ನಮ್ಮಲ್ಲಿ ಮೊದಲೇ ಇತ್ತು.

ಕ್ರಿಕೆಟ್‌ನಲ್ಲಿ ಹಾಗಾಗುವುದಕ್ಕೆ ಒಂದು ಹರಾಜು ಬೇಕಾಯಿತು. 2017ರ ಸೆಪ್ಟೆಂಬರ್ 4. ಐಪಿಎಲ್‌ನ ಐದು ವರ್ಷದ ಹಕ್ಕುಗಳು. ಟಿವಿ, ಡಿಜಿಟಲ್, ವಿದೇಶ ಎಂದು ಬಿಡಿಬಿಡಿಯಾಗಿಯೂ ಕೂಗಬಹುದಿತ್ತು, ಇಡಿಯಾಗಿಯೂ ಕೂಗಬಹುದಿತ್ತು. ಭಾರತದ ಟಿವಿಗೆ ಸೋನಿ ₹11,050 ಕೋಟಿ ಕೂಗಿತು. ಸ್ಟಾರ್‌ನ ಬಿಡಿ ಬೆಲೆ ಅದಕ್ಕಿಂತ ಬಹಳ ಕಡಿಮೆ. ಬಿಡಿ ಬೆಲೆಗಳಲ್ಲಿ ಅತಿ ಹೆಚ್ಚಿನವನ್ನೆಲ್ಲ ಕೂಡಿಸಿದರೆ ₹15,819.51 ಕೋಟಿ. ಸ್ಟಾರ್‌ನ ಇಡಿ ಬೆಲೆಯ ಲಕೋಟೆ ತೆರೆದಾಗ ಅಲ್ಲಿ ಇದ್ದದ್ದು ₹16,347.50 ಕೋಟಿ. ಸುಮಾರು ₹528 ಕೋಟಿಯ ಅಂತರದಲ್ಲಿ ಐಪಿಎಲ್ ಸೋನಿಯ ಕೈ ಬಿಟ್ಟಿತು.

ಒಂದು ಪಂದ್ಯಕ್ಕೆ ₹54 ಕೋಟಿಗೂ ಹೆಚ್ಚು ಕೊಟ್ಟವರಿಗೆ ಇಂಗ್ಲಿಷ್, ಹಿಂದಿ ಬಲ್ಲವರಷ್ಟೇ ನೋಡಿದರೆ ಸಾಲದು. ಆಟದ ಮೇಲೆ ಆಸೆಯಿದ್ದೂ ಹೊರಗುಳಿದಿದ್ದ ಕೋಟ್ಯಂತರ ಜನರನ್ನು ಒಳಗೆ ಕರೆಯಬೇಕಿತ್ತು. 2018ರ ಐಪಿಎಲ್ ಆರು ಭಾಷೆಗಳಲ್ಲಿ ಬಂತು, ಕನ್ನಡವೂ ಒಂದು. ಆ ವರ್ಷದ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ 1 ಕನ್ನಡ ಎಂಬ ಪೂರ್ಣ ವಾಹಿನಿಯೇ ಹುಟ್ಟಿತು. ವಿಜಯ್ ಭಾರದ್ವಾಜ್, ಭರತ್ ಚಿಪ್ಲಿಯಂಥ ಕರ್ನಾಟಕದ ಮಾಜಿ ಆಟಗಾರರು ಮೈಕ್ ಹಿಡಿದರು. ಭಾರದ್ವಾಜ್ 1999ರಲ್ಲಿ ನೈರೋಬಿಯ ತಮ್ಮ ಮೊದಲ ಸರಣಿಯಲ್ಲೇ ಸರಣಿಶ್ರೇಷ್ಠರಾದವರು. ರಣಜಿ ಅಂಗಳದ ಒಳಗುಟ್ಟು ಬಲ್ಲವರು. ಬ್ಯಾಟ್ಸ್‌ಮನ್‌ನ ಕಾಲು ಎಲ್ಲಿ ತಪ್ಪಿತು, ಫೀಲ್ಡರನ್ನು ಏಕೆ ಎರಡು ಹೆಜ್ಜೆ ಸರಿಸಿದರು ಎಂಬುದನ್ನು ಅಮ್ಮಂದಿರಿಗೂ ಅಜ್ಜಿಯರಿಗೂ ಅರ್ಥವಾಗುವಂತೆ ಹೇಳುವ ಮಾತು ಟಿವಿಯಿಂದ ಬರತೊಡಗಿತು.

ಕೆಲವು ಸಂಜೆ ಆ ಮಾತು ಅತಿಯಾಗುತ್ತದೆ. ಪ್ರತಿ ಸಿಕ್ಸರ್‌ಗೂ ಸಿನಿಮಾ ಡೈಲಾಗ್, ಚೆಂಡು ಗಾಳಿಯಲ್ಲಿರುವಾಗಲೂ ಕಿರುಚಾಟ. ಆಟಕ್ಕೆ ಮೌನವೂ ಬೇಕು. ಕನ್ನಡದ ವಿವರಣೆಕಾರರಲ್ಲಿ ಆಟ ಬಲ್ಲವರಿದ್ದಾರೆ. ಅವರಿಗೆ ಮಾತಾಡಲು ಅವಕಾಶ ಕೊಟ್ಟಷ್ಟೇ ಸುಮ್ಮನಿರಲೂ ಅವಕಾಶ ಕೊಡಬೇಕು.

ಬಳಿಕದ ಕತೆ ಮತ್ತೆ ಮಾಲೀಕರದು, ಬೇಗ ಹೇಳಿ ಮುಗಿಸಬಹುದು. 2019ರ ಮಾರ್ಚ್‌ನಲ್ಲಿ ಮರ್ಡೋಕ್ ಸಾಮ್ರಾಜ್ಯದ ಬಹುಭಾಗ ಡಿಸ್ನಿಯ ಪಾಲಾಯಿತು. ಇಎಸ್‌ಪಿಎನ್‌ನ ಒಡೆಯರೂ ಡಿಸ್ನಿಯೇ ಆದ್ದರಿಂದ ಬೇರ್ಪಟ್ಟ ಎರಡು ಹೆಸರುಗಳು ಮತ್ತೆ ಒಂದೇ ಸೂರಿನಡಿ ಸೇರಿದವು. ಆದರೂ ಭಾರತದಲ್ಲಿ ಉಳಿದದ್ದು ಸ್ಟಾರ್ ಸ್ಪೋರ್ಟ್ಸ್ ಎಂಬ ಹೆಸರೇ. ಅದೇ ವರ್ಷ ಹೊಸ ದರ ನಿಯಮ ಬಂದು ಸ್ಟಾರ್ ಸ್ಪೋರ್ಟ್ಸ್ 1ಕ್ಕೆ ತಿಂಗಳಿಗೆ ₹19 ಎಂಬ ಬೆಲೆ ಎಲ್ಲರಿಗೂ ಕಾಣುವಂತಾಯಿತು. 2022ರ ಹರಾಜಿನಲ್ಲಿ ಐಪಿಎಲ್‌ನ ಟಿವಿ ಹಕ್ಕು ₹23,575 ಕೋಟಿಗೆ ಡಿಸ್ನಿ ಸ್ಟಾರ್‌ಗೆ, ಡಿಜಿಟಲ್ ಹಕ್ಕು ₹23,758 ಕೋಟಿಗೆ ರಿಲಯನ್ಸ್ ಗುಂಪಿನ ವಯಾಕಾಮ್18ಗೆ ಹೋದವು. ಬೆಲೆಯಲ್ಲಿ ಟಿವಿಯನ್ನು ಮೊಬೈಲ್ ದಾಟಿತ್ತು. 2023ರಲ್ಲಿ ವಯಾಕಾಮ್18ನ ಜಿಯೊಸಿನಿಮಾ ಐಪಿಎಲ್ ಅನ್ನು ಉಚಿತವಾಗಿ ತೋರಿಸಿದಾಗ ಚಂದಾ ಕಟ್ಟಿ ನೋಡುವ ಪದ್ಧತಿಯ ಬುಡವೇ ನಡುಗಿತು. ಕೊನೆಗೆ 2024ರ ನವೆಂಬರ್‌ನಲ್ಲಿ ಈ ಎರಡು ಎದುರಾಳಿಗಳು ಒಂದಾಗಿ ಜಿಯೊಸ್ಟಾರ್ ಹುಟ್ಟಿತು. 2025ರ ಮಾರ್ಚ್‌ನಲ್ಲಿ ವಯಾಕಾಮ್‌ನ ಸ್ಪೋರ್ಟ್ಸ್18 ಎಂಬ ಹೆಸರು ಅಳಿದು ಅದರ ಜಾಗಕ್ಕೂ ಸ್ಟಾರ್ ಸ್ಪೋರ್ಟ್ಸ್ ಬಂತು.

ಒಂದಾದ ಮೇಲಿನ ಮೊದಲ ಐಪಿಎಲ್‌ನಲ್ಲೇ ಆರ್‌ಸಿಬಿ ಹದಿನೆಂಟು ಸೀಸನ್‌ಗಳ ಕಾಯುವಿಕೆ ಮುಗಿಸಿತು. ಜೂನ್ 3ರ ರಾತ್ರಿ ಅಹಮದಾಬಾದಿನ ಆ ಗೆಲುವನ್ನು ಕರ್ನಾಟಕದ ಮನೆಗಳು ಕನ್ನಡದಲ್ಲಿ ಕೇಳಲು ಸಾಧ್ಯವಾಯಿತು.

ಐಪಿಎಲ್‌ನ ಈಗಿನ ಹಕ್ಕುಗಳ ಅವಧಿ 2027ಕ್ಕೆ ತೀರುತ್ತದೆ. 2022ರಲ್ಲಿ ಡಿಜಿಟಲ್ ಹಕ್ಕನ್ನು ಕಸಿದುಕೊಂಡ ವಯಾಕಾಮ್18 ಈಗ ಅದೇ ಮನೆಯೊಳಗಿದೆ. ಹೊರಗಿನ ಪ್ರಬಲ ಪೈಪೋಟಿದಾರರಲ್ಲಿ ಸೋನಿ ಉಳಿದಿದೆ. ಕನ್ನಡದ ವಾಹಿನಿ ಹುಟ್ಟಿದ್ದು ಆ ಪೈಪೋಟಿ ಬಿಸಿಯಾಗಿದ್ದಾಗ, ಹಾಕಿದ ದುಡ್ಡು ವಾಪಸು ಬರಬೇಕಾದ ಒತ್ತಡದಲ್ಲಿ. ಆ ಒತ್ತಡ ತಗ್ಗಿದರೆ ಖರ್ಚು ಕಡಿತದ ಪಟ್ಟಿಯಲ್ಲಿ ಪ್ರಾದೇಶಿಕ ಭಾಷೆಗಳೇ ಮೊದಲು ಬರಬಹುದೆಂಬ ಆತಂಕ ನನಗಿದೆ. ಆದ್ದರಿಂದ ಕ್ರಿಕೆಟ್ ಮಂಡಳಿ ಮುಂದಿನ ಟೆಂಡರ್ ಕರೆಯುವಾಗ ಕನ್ನಡವೂ ಸೇರಿದಂತೆ ಈಗಿರುವ ಭಾಷೆಗಳ ಪ್ರಸಾರವನ್ನು ಕಡ್ಡಾಯ ಷರತ್ತಾಗಿ ಬರೆಯಬೇಕು. ಅದನ್ನು ಬರೆಸುವಂತೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಮಂಡಳಿಯ ಸಭೆಯಲ್ಲಿ ಕೇಳಬೇಕು, ಟೆಂಡರ್ ಹೊರಡುವುದಕ್ಕೆ ಮುಂಚೆಯೇ.