ದೂರು ದಾಖಲಾದ ಮಾತ್ರಕ್ಕೆ ದೋಷ ಸಿದ್ಧವೆ?

ಅಧಿಕಾರಿಯೊಬ್ಬರ ಮೇಲೆ ಭ್ರಷ್ಟಾಚಾರದ ಮೊಕದ್ದಮೆ ದಾಖಲಾಯಿತೆಂಬ ಸುದ್ದಿ ಬಂದೊಡನೆ ಲೋಕವು ಅವರನ್ನು ಅಪರಾಧಿಯೆಂದೇ ಬಗೆಯುತ್ತದೆ. ಮುಂದೆ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದರೆ, ದೊಡ್ಡವರಿಗೆ ಶಿಕ್ಷೆಯೆಲ್ಲಿಯದು ಎಂದು ಅದೇ ಲೋಕವು ನಿಟ್ಟುಸಿರಿಡುತ್ತದೆ. ಈ ಎರಡು ನಿರ್ಣಯಗಳೂ ಅವಸರದವು.

ಶಾಸ್ತ್ರವಿಚಾರದಲ್ಲಿ ಪೂರ್ವಪಕ್ಷವೆಂಬುದೊಂದು, ಸಿದ್ಧಾಂತವೆಂಬುದೊಂದು. ಪೊಲೀಸರು ಬರೆದುಕೊಳ್ಳುವ ಪ್ರಥಮ ವರ್ತಮಾನ ವರದಿಯು ಪೂರ್ವಪಕ್ಷದ ಮೊದಲ ಮಾತು ಮಾತ್ರ. 'ಇಂಥದೊಂದು ಆರೋಪವಿದೆ, ವಿಚಾರಿಸತಕ್ಕದ್ದು' ಎಂಬುದಷ್ಟೇ ಅದರ ಅರ್ಥ. ಸಿದ್ಧಾಂತವು ಸಾಕ್ಷ್ಯಗಳ ಪರೀಕ್ಷೆಯಾದ ಮೇಲಿನದು.

ಹಾಗಾದರೆ ಆ ಮೊದಲ ಮಾತನ್ನೇ ಅಳಿಸಲು ನ್ಯಾಯಾಲಯಕ್ಕೆ ಅಧಿಕಾರವುಂಟೆ? ಉಂಟು, ಆದರೆ ಮಿತಿಯೊಳಗೆ. 1987ರಲ್ಲಿ ಹರಿಯಾಣದ ಮಾಜಿ ಮುಖ್ಯಮಂತ್ರಿ ಭಜನ್ ಲಾಲ್ ಅವರ ಮೇಲೆ, ಆದಾಯಕ್ಕೆ ಮೀರಿದ ಆಸ್ತಿ ಗಳಿಸಿದರೆಂಬ ದೂರು ದಾಖಲಾಯಿತು. ಅಲ್ಲಿನ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 1990ರ ತೀರ್ಪು, ಹೀಗೆ ರದ್ದುಪಡಿಸಬಹುದಾದ 7 ಬಗೆಯ ಸಂದರ್ಭಗಳನ್ನು ಎಣಿಸಿತು. ದೂರಿನ ಮಾತೆಲ್ಲವೂ ನಿಜವೆಂದು ಒಪ್ಪಿದರೂ ಅಪರಾಧವೇರ್ಪಡದಿದ್ದರೆ, ಕಾನೂನೇ ಅಡ್ಡಬಂದಿದ್ದರೆ, ಹಗೆ ತೀರಿಸಿಕೊಳ್ಳಲೆಂದೇ ಹೂಡಿದ್ದೆಂದು ಸ್ಪಷ್ಟವಾಗಿದ್ದರೆ ಎಂಬಿವು ಅವುಗಳಲ್ಲಿ ಮುಖ್ಯ. ಈ ಅಧಿಕಾರವನ್ನು ತೀರ ಅಪರೂಪಕ್ಕೆ ಮಾತ್ರ ಬಳಸಬೇಕೆಂಬ ಎಚ್ಚರಿಕೆಯೂ ಅಲ್ಲಿತ್ತು.

ಆ ತೀರ್ಪಿನ ಕೊನೆಯು ಮನನಯೋಗ್ಯ. ದೂರಿನ ದಾಖಲೆಯನ್ನು ನ್ಯಾಯಾಲಯವು ಉಳಿಸಿತು. ಆದರೆ ತನಿಖೆ ನಡೆಸಿದ ಇನ್‌ಸ್ಪೆಕ್ಟರಿಗೆ ಕಾನೂನಿನ ಪ್ರಕಾರ ಅಧಿಕಾರವಿರಲಿಲ್ಲವಾದ್ದರಿಂದ ಆ ತನಿಖೆಯನ್ನು ತಳ್ಳಿಹಾಕಿ, ಅರ್ಹ ಅಧಿಕಾರಿಯಿಂದ ಹೊಸದಾಗಿ ನಡೆಸಲು ಸರ್ಕಾರಕ್ಕೆ ಅವಕಾಶವಿತ್ತಿತು. ಆರೋಪವೂ ಬಿಡಲಿಲ್ಲ, ಅಕ್ರಮವೂ ಸಲ್ಲಲಿಲ್ಲ.

ನಮ್ಮ ರಾಜ್ಯದ ಪ್ರಕರಣವೊಂದು ಇದೇ ಹಾದಿಯದು. ವಿದ್ಯುತ್ ಕಂಪನಿಯ ಇಂಜಿನಿಯರೊಬ್ಬರ ಮೇಲೆ ಲೋಕಾಯುಕ್ತ ಪೊಲೀಸರು ದಾಖಲಿಸಿದ ಮೊಕದ್ದಮೆಯನ್ನು, ಪ್ರಾಥಮಿಕ ವಿಚಾರಣೆ ನಡೆದಿಲ್ಲವೆಂದು ಉಚ್ಚ ನ್ಯಾಯಾಲಯವು 2024ರಲ್ಲಿ ರದ್ದುಪಡಿಸಿತ್ತು. 2025ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆದೇಶವನ್ನು ತಳ್ಳಿಹಾಕಿತು. ಅಂಥ ವಿಚಾರಣೆ ಅಪೇಕ್ಷಣೀಯವೇ ಹೊರತು ಎಲ್ಲ ಪ್ರಕರಣಗಳಲ್ಲಿಯೂ ಕಡ್ಡಾಯವಲ್ಲ. ಆರೋಪಿಯು ಅದನ್ನು ತನ್ನ ಹಕ್ಕೆಂದು ಕೇಳಲಾಗದು ಎಂದಿತು.

ಅಧಿಕಾರದ ನಿರ್ಧಾರಗಳಿಗೆ ಸಂಬಂಧಿಸಿದ ಆರೋಪವಾದರೆ ವಿಚಾರಣೆಗೆ ಮೊದಲು ಸರ್ಕಾರದ ಅನುಮತಿ ಬೇಕೆಂಬ 17ಎ ಕಲಮು 2018ರಲ್ಲಿ ಕಾಯಿದೆಯನ್ನು ಸೇರಿತು. ಅದು ಪ್ರಾಮಾಣಿಕರಿಗೆ ಕವಚವೆಂದು ಕೆಲವರು, ಕಳ್ಳರಿಗೆ ಆಸರೆಯೆಂದು ಕೆಲವರು ವಾದಿಸಿದ್ದಾರೆ. ಎರಡೂ ಕಡೆ ತೂಕವಿದೆ. ಸುಳ್ಳು ದೂರಿನಿಂದ ನಿರ್ದೋಷಿಯ ಮನೆತನದ ಮಾನ ಹೋಗುತ್ತದೆ. ತಡೆಹಿಡಿದ ದೂರಿನಿಂದ ಬಡವರ ಪಾಲಿನ ಹಣ ಹೋಗುತ್ತದೆ.

ಆದುದರಿಂದ, ಮೊಕದ್ದಮೆ ರದ್ದಾಯಿತೆಂದು ಓದಿದಾಗ ಯಾವ ಕಾರಣದಿಂದ ಎಂದು ವಿಚಾರಿಸಿರಿ. ಆರೋಪದಲ್ಲಿ ಹುರುಳಿಲ್ಲದೆಯೋ, ಕ್ರಮ ತಪ್ಪಿದ್ದರಿಂದಲೋ? ಮೊದಲನೆಯದಾದರೆ ಆ ಮನುಷ್ಯನಿಗೆ ಗೌರವವನ್ನು ಮರಳಿ ಕೊಡುವುದು ನಮ್ಮ ಋಣ. ಎರಡನೆಯದಾದರೆ ಪ್ರಶ್ನೆಯು ಇನ್ನೂ ಉತ್ತರವನ್ನು ಕಾಯುತ್ತಿದೆಯೆಂದು ತಿಳಿಯತಕ್ಕದ್ದು.